ಗುಂಡು ಹಾಕದ ಮನೆಯ ಗುಂಡು

ಪಾಂಡವಪುರದ ನಮ್ಮ ದೊಡ್ಡಮಾವ ಹೋದ ವಾರ ರಿವಾಲ್ವರಿಗೆ ಗುಂಡು ತರುತ್ತೇನೆಂದು ಮೈಸೂರಿಗೆ ಹೋಗಿ ಮೈಸೂರುಪಾಕು ತಂದರು. ಗುಂಡಿನ ಬೆಲೆ ಕೇಳಿ ತಲೆ ತಿರುಗಿತಂತೆ. ಅಂದಿನಿಂದ ಮನೆಯಲ್ಲಿ ಒಂದೇ ಜಪ: ಕೈ ಪಳಗಿಸಿಕೊಳ್ಳುವುದಕ್ಕೆ ಅಗ್ಗವಾಗಿರಬೇಕು, ಕಳ್ಳ ಬಂದಾಗ ಕೈಕೊಡಬಾರದು, ಅಂಥ ಗುಂಡು ಯಾವುದು? ಆಲೆಮನೆಯ ಆಳುಗಳನ್ನು ಕೇಳಿದರು, ಕೆ.ಆರ್. ಪೇಟೆಯ ಬೀಗರನ್ನು ಕೇಳಿದರು, ಕ್ಷೌರದಂಗಡಿಯಲ್ಲೂ ಕೇಳಿದರು. ಗುಂಡನ್ನೇ ಯಾರೂ ಕೇಳಲಿಲ್ಲ. ಮಾವ ಮಧ್ಯಾಹ್ನ ಮುದ್ದೆ ಉಂಡು ಗೊರಕೆ ಹೊಡೆಯುವಾಗ, ಕ್ಯಾಲೆಂಡರಿನ ಹಿಂದೆ ನೇತುಹಾಕಿದ್ದ ಬೀಗದ ಕೈ ತೆಗೆದು, ಬೀರು ತೆರೆದು, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿದ್ದ ಇಪ್ಪತ್ತೈದು ಗುಂಡುಗಳಲ್ಲಿ ಒಂದನ್ನು ಎಬ್ಬಿಸಿದೆ.

ನಮಸ್ಕಾರ. ತಮ್ಮ ಪರಿಚಯ?

ಪಾಯಿಂಟ್ ಮೂವತ್ತೆರಡು ಅಂತಾರೆ ಕಣಣ್ಣ. ಬುಡ ನೋಡಿ, ಕೆ.ಎಫ್. ಅಂತ ಒತ್ತವ್ರೆ. ಖಡ್ಕಿ ಕಾರ್ಖಾನೆ, ಪುಣೆ ಪಕ್ಕ. 1869ರಿಂದ ಅದೆ. 2021ರಲ್ಲಿ ತವರುಮನೆ ಬೋರ್ಡು ಬದಲಾಯ್ತಂತೆ, ಹಳೇ ಆರ್ಡಿನೆನ್ಸ್ ಫ್ಯಾಕ್ಟರಿ ಮಂಡಳಿ ಒಡೆದು ಏಳು ಕಂಪನಿ ಮಾಡಿದ್ರಂತೆ. ನನ್ನ ಯಾರೂ ಪಾಲು ಕೇಳೋಕೆ ಕರೀಲಿಲ್ಲ. ಹನ್ನೊಂದು ವರ್ಷದಿಂದ ಈ ಡಬ್ಬೀಲೇ ಇವ್ನಿ.

ಅದಕ್ಕೇ ಮರಾಠಿ ಮರೆತು ಮಂಡ್ಯದ ಮಾತು ಬಂದಿದೆ. ಇರಲಿ, ಪಕ್ಕದಲ್ಲೇ ಶ್ರೀರಂಗಪಟ್ಟಣ. ಅಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳಿವೆ, ನೋಡಿದ್ದೀರಾ?

ಎಲ್ಲಿಂದ ನೋಡ್ಲಿ? ಹಾರ್ಸಿದ್ರೆ ತಾನೆ ನೋಡೋದು! ಒಂದೇ ಒಂದು ಸಲ ಹಾರ್ಸಿಲ್ಲ ಕಣಣ್ಣ ನನ್ನ. ಮಲ್ಲಿಗೆ ಮೊಗ್ಗು ದಾರದಲ್ಲೇ ಬಾಡಿದಂಗೆ ಬಾಡ್ತಾ ಇವ್ನಿ.

ಆ ಮದ್ದಿನ ಮನೆಗಳಲ್ಲಿ ಒಂದು ರೈಲ್ವೆ ಜೋಡಿ ಹಳಿಗೆ ಅಡ್ಡ ಬಂತು. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಜಾಕು ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ಜರುಗಿಸಿದರು. ಇಟ್ಟಿಗೆ, ಗಾರೆ, ಕಮಾನು ಎಲ್ಲ ಹಾಗೆಹಾಗೇ! ಇದು ನಮ್ಮ ಜನಕ್ಕೆ ಗೊತ್ತೇ ಇಲ್ಲ, ಗುಂಬಜ್ ನೋಡಿ ಸೌತೆಕಾಯಿ ತಿಂದು ಬಸ್ಸು ಹತ್ತುತ್ತಾರೆ...

ನೋಡಿ, ಇನ್ನೂರು ವರ್ಷದ ಕಟ್ಟಡಾನೂ ಜಾಗ ಬಿಟ್ಟು ಅಲ್ಲಾಡ್ತು. ನಾನು?

ಸರಿ, ಮಾವನ ಪ್ರಶ್ನೆಗೇ ಬರೋಣ. ಅಭ್ಯಾಸಕ್ಕೆ ಯಾವ ಗುಂಡು, ಸ್ವರಕ್ಷಣೆಗೆ ಯಾವ ಗುಂಡು?

ಯಾವುದು ಅಂತ ಕೇಳೋಕೆ ನಾಕು ಬಗೆ ಇರಬೇಕಲ್ವಾ? ಅಕ್ಕಿ ಅಂಗಡೀಲಿ ಸೋನಾ ಮಸೂರಿನೋ ರಾಜಮುಡಿನೋ ಅಂತಾರೆ. ಗುಂಡಿನ ಅಂಗಡೀಲಿ ‘ಐತೆ’, ಇಲ್ಲಾಂದ್ರೆ ‘ಇಲ್ಲ’. ಸೈನ್ಯದ ಅಳತೇವು, ಒಂಬತ್ತು ಎಂ.ಎಂ., ಪಾಯಿಂಟ್ ಮುನ್ನೂರ ಮೂರು, ಸಾಮಾನ್ಯ ಜನ ಮುಟ್ಟಂಗಿಲ್ಲ. ಹೊರದೇಶದ ಮಾಲು ತರಿಸ್ಕೊಳ್ಳೋಕೆ 1980ರ ದಶಕದಿಂದ ಬಾಗಿಲು ಹಾಕವ್ರೆ, ಹೆಸರಾದ ಶೂಟರ್‌ಗಳಿಗೆ ಮಾತ್ರ ಸಂದಿ ಬುಟ್ಟವ್ರೆ. ಬಹಳ ಕಾಲ ಸರ್ಕಾರಿ ಕಾರ್ಖಾನೆ ಮಾಲು ಒಂದೇ ಗತಿ. ಒಬ್ಬನೇ ಮಾಡ್ತಾನೆ ಅಂದ್ಮೇಲೆ ಅವನು ಹೇಳಿದ್ದೇ ಬೆಲೆ. ಬೇರೆ ದೇಶದಲ್ಲಿ ಪಳಗೋಕೆ ಬರೀ ಸೀಸದ ಅಗ್ಗದ ಗುಂಡು. ರಕ್ಷಣೆಗೆ ಮೂತಿ ತೂತಾದ ಗುಂಡು, ಅದು ಒಳಗೋದ ಮೇಲೆ ಅರಳಿ ಅಲ್ಲೇ ನಿಂತ್ಕತದೆ, ಗೋಡೆ ತೂರಿ ಪಕ್ಕದ ಮನೆ ಅಜ್ಜಿಗೆ ತಗಲಬಾರದು ಅಂತ. ಇಲ್ಲಿ ಎರಡಕ್ಕೂ ನಾನೇ. ಮದುವೇಗೂ ಅದೇ ಪಂಚೆ, ತಿಥಿಗೂ ಅದೇ ಪಂಚೆ.

ಇನ್ನೊಂದು ಹೇಳ್ತೀನಿ, ಯಾರ್ಗೂ ಹೇಳ್ಬೇಡಿ. ನನ್ನ ದಾಯಾದಿಗಳು, ಇದೇ ಮೂವತ್ತೆರಡರ ಅಳತೇವು, ವಿದೇಶದಲ್ಲಿ ಗುರಿ ಸ್ಪರ್ಧೆಗೆ ಹೋಗ್ತವೆ. ಮೂತಿ ಚಪ್ಪಟೆ ಮಾಡಿರ್ತಾರೆ, ಕಾಗದದ ಮೇಲೆ ಟಿಕೆಟ್ಟಿಗೆ ತೂತು ಹಾಕಿದಂಗೆ ದುಂಡಗೆ ಬೀಳ್ತವೆ. ಅಲ್ಲಿ ನಮ್ಮನ್ನ ಪೆಟ್ಟು ಕಮ್ಮಿ, ಒದೆತ ಕಮ್ಮಿ, ಪಳಗೋಕೆ ಸರಿ ಅಂತಾರೆ. ಇಲ್ಲಿ ಅದನ್ನೇ ನಿಮ್ಮ ಮಾವ ‘ಪ್ರಾಣರಕ್ಷಕ’ ಅಂತಾರೆ. ಹಾರ್ಸದೆ ಇರೋ ರಕ್ಷಕ!

ಮಾವ ಅಭ್ಯಾಸವನ್ನೇ ಮಾಡುವುದಿಲ್ಲವೇ?

ಮಾಡ್ತಾರೆ. ವರ್ಷಕ್ಕೊಂದು ಸಲ, ಹೇಮಗಿರಿ ಜಾತ್ರೇಲಿ. ಬಲೂನಿಗೆ! ಏರ್‌ಗನ್ನಿನ ಆ ಚಿಲ್ಲರೆ ಚರೆಗಳು ಪಟ್‌ಪಟ್ ಅಂತ ಹಾರ್ತಿದ್ರೆ, ಜೋಬಲ್ಲಿ ಕೂತ ನನಗೆ ಹೊಟ್ಟೆ ಉರಿದೋಯ್ತದೆ. ಒಂದು ಗುಂಡಿನ ದುಡ್ಡಲ್ಲಿ ಒಂದು ಮುದ್ದೆ ಊಟ ಬತ್ತದೆ, ಊಟ ಬುಟ್ಟು ಕಾಗದಕ್ಕೆ ಯಾಕೆ ಹೊಡೀಲಿ ಅಂತಾರೆ. ಅಲ್ಲಾ, ಬಡತನ ಇದ್ರೆ ಒಪ್ತೀನಿ. ಹೋದ ವರ್ಷ ಮೊಮ್ಮಗನ ಹುಟ್ಟುಹಬ್ಬಕ್ಕೆ ಪಟಾಕಿಗೇ ಎಷ್ಟು ಸುಟ್ರು?

ಅಗ್ಗದ ದಾರಿ ಇಲ್ವಾ? ಅದೆ. ಆ ಬಲೂನಿನ ಏರ್‌ಗನ್ನೇ ಒಂದು ತಗೊಂಡು ಹಿತ್ತಲಲ್ಲಿ ಗೋಣಿ ಕಟ್ಟಿ ದಿನಾ ಕಣ್ಣು ಪಳಗಿಸಲಿ. ಕಮ್ಮಿ ಶಕ್ತಿ ಏರ್‌ಗನ್ನಿಗೆ ಲೈಸೆನ್ಸೂ ಬ್ಯಾಡ. ರಿವಾಲ್ವರು ಬರಿದು ಮಾಡಿ, ಹೊಡೆದು ಖಾಲಿಯಾದ ಕೋಶ ಹಾಕಿ, ಕುದುರೆ ಎಳೆಯೋದು ಕಲೀಲಿ, ಅದಕ್ಕೆ ಕಾಸೇ ಇಲ್ಲ. ವರ್ಷಕ್ಕೊಂದು ಸಲ ಬೆಂಗಳೂರಿನ ರೈಫಲ್ ಮೈದಾನದಂಥ ಕಡೆ ಹೋಗಿ, ಡಬ್ಬೀಲಿರೋ ಹಳೇವನ್ನ ಹಾರ್ಸಿ, ಹೊಸಾವನ್ನ ತಂದಿಟ್ಕೊಳ್ಳಲಿ. ಹಳೇ ರಾಗಿ ಮೊದಲು ಬೀಸೋದು ಹೆಂಗಸರಿಗೂ ಗೊತ್ತು. ನಿಮ್ಮ ಮಾವ ಹಳೇದನ್ನ ಇಟ್ಟು ಹೊಸದರ ಬೆಲೆ ಕೇಳ್ಕೊಂಡು ಬತ್ತಾರೆ.

ಆದರೂ ಆಯುಧಪೂಜೆಗೆ ನಿಮ್ಮನ್ನು ಮರೆಯುವುದಿಲ್ಲ.

ಅಯ್ಯೋ, ಅದನ್ನ ಎತ್ತಬ್ಯಾಡಿ! ಅರಿಶಿನ, ಕುಂಕುಮ, ಆಮೇಲೆ ಹೊಳೀಲಿ ಅಂತ ಕೊಬ್ಬರಿ ಎಣ್ಣೆ. ಎಣ್ಣೆ ಬುಡದ ಕ್ಯಾಪಿಗೆ ಇಳಿದ್ರೆ ಕಿಡಿ ಹತ್ತಲ್ಲ, ಕಳ್ಳ ಬಂದ ದಿನ ‘ಟಿಕ್’ ಅಂತೀನಿ ಅಷ್ಟೇ. ಮೈ ಹಿತ್ತಾಳೆ ನಂದು. ನಾಗಮಂಗಲದಲ್ಲಿ ಎರಕ ಹೊಯ್ಯೋರ ಕೈಗೆ ಸಿಕ್ಕಿದ್ರೆ ವಿಗ್ರಹವೋ ದೀಪವೋ ಆಗ್ತಿದ್ದೆ. ಆಗ ಎಣ್ಣೆ ಹಾಕಿದ್ರೂ ಅರ್ಥ ಇತ್ತು.

ಎಣ್ಣೆ ಎಂದಾಗ ನೆನಪಾಯಿತು. ನಾನು ಹೋದಾಗ ಆ ಮದ್ದಿನ ಮನೆಯೊಂದರ ಬಾಗಿಲಲ್ಲಿ ಖಾಲಿ ಬಾಟಲಿ ಬಿದ್ದಿದ್ದವು! ಮದ್ದು ಗುಂಡು ಇಟ್ಟ ಜಾಗದಲ್ಲಿ ಜನ ಗುಂಡು ಹಾಕುವುದು ಎಂದರೆ! 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಗಾಡಿಗಳು ಸಿಡಿದದ್ದು ಅಲ್ಲಿಯ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲೇ ಇದೆ. ಈ ನಿಮ್ಮ ಪಾಂಡವಪುರವೇ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟು ಫ್ರೆಂಚ್ ರಾಕ್ಸ್ ಅನ್ನಿಸಿಕೊಂಡಿತ್ತು. ಅಂಥ ಕಡೆ ಒಂದು ನೆಟ್ಟಗಿನ ಫಲಕವಾದರೂ...

ಅಣ್ಣ, ಸಂದರ್ಶನ ನಂದಾ, ಮದ್ದಿನ ಮನೇದಾ?

ಕ್ಷಮಿಸಿ. ಚಿರತೆ ವಿಷಯ ಕೇಳುತ್ತೇನೆ. ನಮ್ಮ ಸುತ್ತಿನ ತಾಲ್ಲೂಕುಗಳ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುತ್ತಿದೆ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಮೋಟರು ಹಾಕಲು ಹೋಗುವವನ ಕೈಯಲ್ಲಿ ಟಾರ್ಚು, ದೊಣ್ಣೆ. ರಿವಾಲ್ವರು ಮಾತ್ರ ಹಗಲು ಹೊತ್ತು ಬೀಗರೂಟಕ್ಕೆ ಹೋಗುತ್ತದೆ. ಇದು ಸರಿಯೇ?

ಅದು ನನ್ನ ಇಲಾಖೆ ಅಲ್ಲ. ಬೆಳೆ ಕಾಯೋಕೆ ಕೇಪಿನ ಕೋವಿಗೆ ಬೇರೆ ಲೈಸೆನ್ಸು. ಅದಿದ್ರೂ ಚಿರತೆ ಮುಟ್ಟಂಗಿಲ್ಲ, ನವಿಲು ಮುಟ್ಟಂಗಿಲ್ಲ. ಅದು ಬುಡಿ, ಬೀಗರೂಟ ಅಂದ್ರಲ್ಲ, ಅಲ್ಲೂ ಹಾರ್ಸಲಿಲ್ಲ! ಸೊಂಟದಲ್ಲಿ ನಾಕು ಜನಕ್ಕೆ ಕಾಣೋ ಹಂಗೆ ಸಿಗಿಸ್ಕೊಂಡು ಹೋಳಿಗೆ ತಿಂದ್ರು.

ಸದ್ಯ! ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಅದೇ ತಿದ್ದುಪಡೀಲಿ ಒಬ್ಬರಿಗೆ ಮೂರಿದ್ದ ಬಂದೂಕು ಎರಡಾಯ್ತು, ಮೂರು ವರ್ಷದ ಲೈಸೆನ್ಸು ಐದು ವರ್ಷ ಆಯ್ತು. ಹಂಗಂದ್ರೆ ಮಾವ ಐದು ವರ್ಷ ಡಬ್ಬಿ ಮುಚ್ಚಳ ತೆಗೀದಿದ್ರೂ ಆಯ್ತು. ಚುನಾವಣೆ ಬಂದಾಗ ಮಾತ್ರ ಬಟ್ಟೆ ಚೀಲದಲ್ಲಿ ಠಾಣೆಗೆ ಮೆರವಣಿಗೆ. 2023ರಲ್ಲಿ ಒಂದು ಸಲ, 2024ರಲ್ಲಿ ಒಂದು ಸಲ. ಜಾತ್ರೆ, ಬೀಗರೂಟ ಬುಟ್ರೆ ನಾನು ಕಂಡ ಪ್ರಪಂಚ ಅಷ್ಟೇ. ಅಲ್ಲೂ ಎಣಿಸಿ ರಶೀದಿ ಬರೀತಾರೆ, ಹಾರ್ಸೋದಿಲ್ಲ.

ಹಾರಿಸದೇ ಇದ್ದರೆ ನಷ್ಟವೇನು? ಡಬ್ಬಿಯಲ್ಲಿ ಮಲಗಿದ ಗುಂಡಿನಿಂದ ಯಾರಿಗೂ ಕೇಡಿಲ್ಲವಲ್ಲ?

ಗುಂಡು ಇಲ್ಲಿಯವರೆಗೆ ಒಂದು ಪ್ರಶ್ನೆಗೂ ತಡವರಿಸಿರಲಿಲ್ಲ. ಈಗ ಸುಮ್ಮನಾಯಿತು. ಆಮೇಲೆ ‘ಆವಾಗ ನಾಗಮಂಗಲ ಅಂದೆನಲ್ಲ’ ಎಂದಿತು. ಮುಂದೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

2025ರ ಫೆಬ್ರುವರಿ. ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂ. ಪಶ್ಚಿಮ ಬಂಗಾಳದಿಂದ ಕೂಲಿಗೆ ಬಂದ ಸಂಸಾರ. ಅಲ್ಲಿದ್ದ ಬಂದೂಕು ಒಬ್ಬ ಹುಡುಗನ ಕೈಗೆ ಸಿಕ್ಕಿತು, ಆಟವಾಡಿದ, ಹಾರಿತು. ಮೂರು ನಾಲ್ಕು ವರ್ಷದ ಮಗು ಸತ್ತಿತು. ತಾಯಿಗೂ ಪೆಟ್ಟಾಯಿತು.

ಇದನ್ನು ಆಕಸ್ಮಿಕ ಎಂದು ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ. ತೆಂಗಿನಕಾಯಿ ತಲೆಯ ಮೇಲೆ ಬಿದ್ದರೆ ಆಕಸ್ಮಿಕ. ಗುಂಡು ತುಂಬಿದ ಬಂದೂಕು ಹುಡುಗರ ಕೈಗೆ ಎಟಕುವ ಕಡೆ ಇರುವುದಕ್ಕೆ ಒಬ್ಬ ದೊಡ್ಡವನ ಕೈ ಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸಿಗೆ ಮೊದಲು ಸುರಕ್ಷತೆಯ ತರಬೇತಿ ಆಗಬೇಕು ಎಂದಿದೆ. ತರಬೇತಿಯ ಕಾಗದ ಕಡತದೊಳಗೆ ಹೋಗುತ್ತದೆ, ತರಬೇತಿ ಎಲ್ಲಿಗೆ ಹೋಗುತ್ತದೆ? ಪಳಗಿದವನ ಕೈ ಬಂದೂಕು ಮುಟ್ಟಿದ ಕೂಡಲೇ ಮೊದಲು ಮಾಡುವ ಕೆಲಸ ಅದನ್ನು ಬರಿದು ಮಾಡುವುದು. ಹಾರಿಸಿ ಗೊತ್ತಿಲ್ಲದವನಿಗೆ ಬರಿದು ಮಾಡುವುದೂ ಗೊತ್ತಿರುವುದಿಲ್ಲ. ಸ್ವರಕ್ಷಣೆ, ಸ್ವರಕ್ಷಣೆ ಎಂದು ಅರ್ಜಿ ತುಂಬುತ್ತೀರಲ್ಲ, ಯಾರಿಂದ? ದುಡಿಯಲು ಬಂದವರ ಮಗುವಿನಿಂದಲೇ? ಕೋಳಿಗೆ ಕಾವಲು, ಕೂಸಿಗೆ ಇಲ್ಲ.

ಗುಂಡನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಮದ್ದಿನ ಮನೆಯ ಬಗ್ಗೆ ಬರೆದುಕೊಂಡು ಹೋಗಿದ್ದ ಇನ್ನೂ ಆರು ಪ್ರಶ್ನೆ ಜೇಬಿನಲ್ಲೇ ಉಳಿದವು.

ಬೀರುವಿನ ಸದ್ದಿಗೆ ಮಾವ ಎದ್ದು ಬಂದರು. ಪಂಚೆ ಬಿಗಿಮಾಡಿಕೊಳ್ಳುತ್ತಾ, ‘ಏನಪ್ಪಾ, ಬೀಗದ ಕೈ ಎಲ್ಲಿರ್ತದೆ ಅಂತ ನಿಂಗ್ಯಾರು ಹೇಳಿದ್ದು? ನಿಮ್ಮತ್ತೆಗೂ ಗೊತ್ತಿಲ್ಲ!’ ಎಂದರು.

‘ನಿಮ್ಮ ಮೊಮ್ಮಗ ಮಾವ,’ ಎಂದೆ. ‘ಎರಡನೇ ಕ್ಲಾಸಿನವನು.’