ಉತ್ಖನನಪ್ಪ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಏಪ್ರಿಲ್ ಬಂತೆಂದರೆ ಮಾವಿನಕಾಯಿಯ ಜತೆಗೆ ಉತ್ಖನನಪ್ಪನೂ ಕಾಣಿಸಿಕೊಳ್ಳುತ್ತಾನೆ. ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಮನೆಯಲ್ಲಿ ನಾಲ್ಕು ತುಂಬುತ್ತಿರುವ ಮಗನ ಅಪ್ಪ. ಹುಟ್ಟುಹಬ್ಬಕ್ಕೆ ಬೆಲೂನು ಕಟ್ಟಿ ಚಿಪ್ಸ್ ಹಂಚುವುದು ಅವನ ಅಂತಸ್ತಿಗೆ ಕಡಿಮೆಯಾಯಿತು. ಮಕ್ಕಳು ಮರಳು ಅಗೆಯಬೇಕು, ಒಳಗಿಂದ ಡೈನೋಸಾರಿನ ಮೂಳೆ ಹೊರಬರಬೇಕು, ಅದನ್ನು ಬ್ರಷ್ಷಿನಿಂದ ಒರೆಸಿ ಪಟ್ಟಿ ಮಾಡಬೇಕು. ಇದಕ್ಕಾಗಿ ಎಕ್ಸೆಲ್ ಹಾಳೆ ತೆರೆದಾಗಿದೆ. ಅದರಲ್ಲಿ ‘ರಿಸ್ಕ್’ ಎಂಬ ಒಂದು ಕಾಲಂ ಇದೆ. ಅಲ್ಲಿರುವ ಮೊದಲ ಹೆಸರು ಅವನ ಅಮ್ಮನದು.

ಮೊದಲ ವಿಘ್ನ ಭೂವಿಜ್ಞಾನದಿಂದಲೇ ಬಂತು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಡೈನೋಸಾರ್‌ಗಳು ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅವುಗಳ ಮೂಳೆ ಉಳಿಯುವುದು ಹೂಳು, ಮರಳು ಗಟ್ಟಿಯಾಗಿ ಆದ ಕಲ್ಲಿನಲ್ಲಿ. ನಮ್ಮೂರಿನ ಅಡಿಗಿರುವ ಹಳೆಯ ಬಂಡೆಯನ್ನು ಪಾತಾಳದವರೆಗೆ ಕೊರೆದರೂ ಮೂಳೆ ಸಿಗುವುದಿಲ್ಲ. ಮೂಳೆಯ ಮಾತಿರಲಿ, ನೀರೇ ಸಿಗುವುದಿಲ್ಲ. ಬೋರ್‌ವೆಲ್ ಹಾಕಿಸಿದವರನ್ನು ಕೇಳಿ. ಈ ಸತ್ಯವನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕೆಂದು ಉತ್ಖನನಪ್ಪ ಹಟ ಹಿಡಿದ. “ರೀ, ಅವಕ್ಕೆ ಇನ್ನೂ ಎಡಗಾಲಿನ ಚಪ್ಪಲಿ ಯಾವುದು, ಬಲಗಾಲಿಂದು ಯಾವುದು ಅಂತ ಗೊತ್ತಾಗಲ್ಲ” ಎಂದಳು ಹೆಂಡತಿ. ಆ ಸಾಲನ್ನು ಹಾಳೆಯಿಂದ ಅಳಿಸಲಾಯಿತು.

ಆಮೇಲೆ ಸ್ವದೇಶಿ ಜ್ವರ ಬಂತು. ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವುದೆಲ್ಲ ಅಮೆರಿಕದ ಟಿ-ರೆಕ್ಸ್, ಸ್ಟೆಗೊಸಾರಸ್. ನಮ್ಮವು ಎಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ನರ್ಮದೆಯ ಹೆಸರು ಹೊತ್ತ ರಾಜಾಸಾರಸ್ ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕಿತು. ಗೋದಾವರಿ ಕಣಿವೆಯ ಬರಾಪಾಸಾರಸ್‌ಗೆ 1975ರಲ್ಲಿ ರವೀಂದ್ರನಾಥ ಟಾಗೋರರ ಹೆಸರು ಸೇರಿಸಿ ನಾಮಕರಣ ಮಾಡಿದರು. ಅದರ ಅಸ್ಥಿಪಂಜರ ನಿಂತಿರುವುದು ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ. ಸಂಖ್ಯಾಶಾಸ್ತ್ರದವರ ಮನೆಯಲ್ಲಿ ಡೈನೋಸಾರ್ ಇದೆಯೆಂದು ತಿಳಿದ ಮೇಲೆ ತನ್ನ ಎಕ್ಸೆಲ್ ಹಾಳೆಯ ಮೇಲೆ ಅವನಿಗಿದ್ದ ಗೌರವ ಇಮ್ಮಡಿಯಾಯಿತು. ರಾಜಾಸಾರಸ್ ಗೊಂಬೆ ಮಾತ್ರ ಬೀದಿ ಕೊನೆಯ ಅಂಗಡಿಯಲ್ಲಿ ಇರಲಿಲ್ಲ. ಒಂದು ಟಿ-ರೆಕ್ಸ್‌ನ ಹಣೆಗೆ ಎಂ-ಸೀಲ್‌ನಿಂದ ಪುಟ್ಟ ಕೊಂಬು ಅಂಟಿಸಿ ಅದನ್ನೇ ರಾಜನನ್ನಾಗಿ ಮಾಡಿದ.

ರಾಹಿಯೋಲಿಯ ಆ ಮೂಳೆಗಳನ್ನು ಅಗೆದು ತೆಗೆದದ್ದು 1980ರ ದಶಕದಲ್ಲಿ, ಹೆಸರಿಟ್ಟದ್ದು 2003ರಲ್ಲಿ. ಉತ್ಖನನಪ್ಪ ಇಷ್ಟೂ ಕೆಲಸಕ್ಕೆ ಕೊಟ್ಟಿರುವ ಸಮಯ 40 ನಿಮಿಷ. ಆಮೇಲೆ ಕೇಕು.

ಸಾಮಗ್ರಿಯ ವಿಷಯದಲ್ಲಿ ಅವನನ್ನು ನೋಡಿ ನಗುವಂತಿಲ್ಲ. ಕಟ್ಟಡದ ಎಂ-ಸ್ಯಾಂಡ್ ಬೇಡವೆಂದ. ಅದು ಪುಡಿ ಮಾಡಿದ ಕಲ್ಲು, ಧೂಳು ಎದ್ದರೆ ಮಕ್ಕಳ ಎದೆಗೆ ಒಳ್ಳೆಯದಲ್ಲ. ತೊಳೆದ ಮರಳನ್ನೇ ತರಿಸಿದ, ರಾತ್ರಿ ಬೆಕ್ಕು ಬಂದು ತನ್ನ ಕೆಲಸ ಮುಗಿಸಿ ಹೋಗದಂತೆ ಟಾರ್ಪಾಲು ಹೊದಿಸಿದ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಚಿಕ್ಕ ಗೊಂಬೆಗಳನ್ನು ಆರಿಸಿ ತೆಗೆದ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಲೋಟ ನೀರು ಕಲಸಿ, ಮೂಳೆ ತಿದ್ದಿ, ಒಲೆ ಬಳಿ ಒಣಗಿಸಿ, ಕಾಫಿ ಡಿಕಾಕ್ಷನ್ ಬಳಿದು ಕೋಟಿ ವರ್ಷ ಹಳೆಯದು ಮಾಡಿದ. ಬೆಳಗಿನ ಕಾಫಿ ಆ ದಿನ ತೆಳ್ಳಗಿತ್ತು.

ಎಡವಿದ್ದು ಪಿಓಪಿಯಲ್ಲಿ. ಮೊಟ್ಟೆಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಹುದುಗಿಸಿ, ಮಕ್ಕಳ ಕೈಯಲ್ಲೇ ಕಲಸಿಸುವುದು ಅವನ ಯೋಜನೆ. ನೀರು ಬಿದ್ದು ಗಟ್ಟಿಯಾಗುವಾಗ ಪಿಓಪಿ ಬಿಸಿಯೇಳುತ್ತದೆ, ಕೈ ಒಳಗೇ ಉಳಿದರೆ ಸುಟ್ಟ ಗಾಯವೇ ಆಗಬಹುದು. ಅಸಲಿ ಉತ್ಖನನಕಾರರು ಪ್ಲಾಸ್ಟರ್ ಬಳಸುವುದು ನಿಜ, ಆದರೆ ಸಿಕ್ಕ ಮೂಳೆ ಮುರಿಯದಿರಲೆಂದು ಅದರ ಸುತ್ತ ಗೋಣಿಬಟ್ಟೆಯೊಡನೆ ಪಟ್ಟಿ ಕಟ್ಟುವುದಕ್ಕೆ. ಕೊನೆಗೆ ತಡೆದದ್ದು ಅಸೋಸಿಯೇಷನ್ನಿನ ಕಾರ್ಯದರ್ಶಿ: “ಪಿಓಪಿ ಗಣಪತಿಗೇ ನಿಷೇಧ ಇದೆ ಸಾರ್, ಇನ್ನು ಡೈನೋಸಾರಿಗೆ ಹೇಗೆ ಪರ್ಮಿಷನ್ ಕೊಡೋದು?” ಮೊಟ್ಟೆಗಳೂ ಮೈದಾದವೇ ಆದವು.

ಅವನ್ನು ದೇವರ ಮನೆಯ ಹತ್ತಿರ ಒಣಗಲು ಇಟ್ಟಿದ್ದ. ಅಮ್ಮ ನೋಡಿ, ಯಾವ ಕ್ಷೇತ್ರದ ಸಾಲಿಗ್ರಾಮವೋ ಎಂದು ಒಂದಕ್ಕೆ ಕುಂಕುಮ ಇಟ್ಟುಬಿಟ್ಟರು. ಉತ್ಖನನಪ್ಪ ಹಣೆ ಚಚ್ಚಿಕೊಂಡ. ಆದರೆ ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡಲ್ಯದಲ್ಲಿ ಹೊಲ ಕಾಯುವ ದೇವರೆಂದು ಪೂಜಿಸಿಕೊಂಡು ಬಂದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಗಿತ್ತು. ಅಮ್ಮನದು ಆ ಸಂಪ್ರದಾಯ. ರಿಸ್ಕ್ ಕಾಲಂಗೆ ಸೇರಿಸಿದ್ದು ಅನ್ಯಾಯ.

ಸ್ಟೆಗೊಸಾರಸ್ ಮತ್ತು ಟಿ-ರೆಕ್ಸ್ ನಡುವಿನ ಅಂತರ ಸುಮಾರು ಎಂಟು ಕೋಟಿ ವರ್ಷ. ಟಿ-ರೆಕ್ಸ್ ಮತ್ತು ನಮ್ಮ ನಡುವಿನದು ಅದಕ್ಕಿಂತ ಕಡಿಮೆ. ಎರಡನ್ನೂ ಒಂದೇ ಗುಂಡಿಯಲ್ಲಿ ಹೂಳುವುದು ಉತ್ಖನನಪ್ಪನ ಮನಸ್ಸಾಕ್ಷಿಗೆ ಒಪ್ಪಲಿಲ್ಲ. ಕೆಳಗೆ ಕೆಮ್ಮಣ್ಣು ಬೆರೆಸಿದ ಪದರ, ಮೇಲೆ ಬಿಳಿ ಮರಳು, ನಡುವೆ ಸೆಣಬಿನ ದಾರ ಎಳೆದು ಚೌಕಗಳು. ಭಾನುವಾರ ಹನ್ನೊಂದು ಮಕ್ಕಳು ಬಂದವು. ಬ್ರಷ್ಷು ಹಿಡಿಯಿರಿ ಎಂದು ಅವನು ಹೇಳಿ ಮುಗಿಸುವ ಮೊದಲೇ ಎರಡೂ ಕೈ ಮೊಣಕೈವರೆಗೆ ಇಳಿದಿದ್ದವು. ಎಂಟು ಕೋಟಿ ವರ್ಷ ಕಲಸಿ ಒಂದಾಗಲು ಎರಡು ನಿಮಿಷ ಸಾಕಾಯಿತು. ಹಾರುವ ಟೆರೊಡ್ಯಾಕ್ಟೈಲ್ ಸಿಕ್ಕಿದಾಗ, “ಅಂಕಲ್, ಇದು ಡೈನೋಸಾರೇ ಅಲ್ಲ” ಎಂದು ಮೂರನೆಯ ಮಹಡಿಯ ಹುಡುಗಿ ಸರಿಯಾಗಿಯೇ ತಿದ್ದಿದಳು. ಉಳಿದವರೆಲ್ಲ ಆ ಹೊತ್ತಿಗೆ ಗುಂಡಿಗೆ ನೀರು ಸುರಿಯುತ್ತಿದ್ದರು.

ಸಂಜೆ ಮಗ ಕೇಳಿದ್ದು ಒಂದೇ: “ಅಪ್ಪ, ಅವೆಲ್ಲ ಹೇಗೆ ಸತ್ತೋದ್ವು?” ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಲ್ಕೆ ಬಿದ್ದದ್ದು, ಅದೇ ಕಾಲದಲ್ಲಿ ದಖ್ಖನಿನಲ್ಲಿ ಲಾವಾ ಉಕ್ಕಿ ಬೆಳಗಾವಿ, ವಿಜಯಪುರದ ಕಡೆಯ ಕರಿಕಲ್ಲಾದದ್ದು ಎಲ್ಲವನ್ನೂ ಅಪ್ಪ ವಿವರಿಸಿದ. ವಿವರಿಸುತ್ತಲೇ ಹೊಸ ಎಕ್ಸೆಲ್ ಹಾಳೆ ತೆರೆದ. ಮುಂದಿನ ವರ್ಷದ ಥೀಮ್ ಜ್ವಾಲಾಮುಖಿ. ಸ್ಥಳ, ಅವರ ಮನೆಯ ಬಾಲ್ಕನಿ. ಕೆಳಗಿನ ಮನೆಯವರು ಅಂದು ದಯವಿಟ್ಟು ಬಟ್ಟೆ ಒಣಹಾಕಬಾರದು.