ಹುಡುಗ ಮಾರ್ಕೆಟಿಂಗ್‌ನಲ್ಲಿದ್ದಾನೆ

(ತೀರ್ಥಹಳ್ಳಿ ಸೀಮೆಯ ಒಂದು ಮನೆ ಜಗಲಿ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿದೆ. ಮದುವೆ ದಲ್ಲಾಳಿ ನಾಣಪ್ಪ ಹುಡುಗನ ಜಾತಕ, ಗೋತ್ರ, ಅಜ್ಜಿಯ ಆರೋಗ್ಯ ಎಲ್ಲ ಹೇಳಿ ಮುಗಿಸಿದ್ದಾರೆ. ಉದ್ಯೋಗದ ಮಾತು ಮಾತ್ರ ಇನ್ನೂ ಬಂದಿಲ್ಲ.)

ಶೇಷಣ್ಣ: ಅದೆಲ್ಲ ಇರ್ಲಿ ನಾಣಪ್ನೋರೆ, ಹುಡುಗ ಎಂತ ಮಾಡ್ತಾನೆ?

ನಾಣಪ್ಪ: ಹುಡುಗ ಮಾರ್ಕೆಟಿಂಗ್‌ನಲ್ಲಿದ್ದಾನೆ.

ಸಾವಿತ್ರಮ್ಮ: ಬೆಂಗಳೂರಲ್ಲಿ ನನ್ನ ತಂಗಿನೂ ದಿನಾ ಸಂಜೆ ಮಾರ್ಕೆಟಿಂಗಿಗೆ ಹೋಗ್ತಾಳೆ. ಗಾಂಧಿ ಬಜಾರಿಂದ ಎರಡು ಕಟ್ಟು ಕೊತ್ತಂಬರಿ ಸೊಪ್ಪು, ಒಂದು ಮೊಳ ಮಲ್ಲಿಗೆ ತರ್ತಾಳೆ. ಅದಕ್ಕೆ ಸಂಬಳ ಕೊಡೋರಿದ್ರೆ ಹೇಳಿ, ನಾನೇ ಸೇರ್ಕೋತೀನಿ.

ನಾಣಪ್ಪ: ಅದು ಕೊಳ್ಳೋ ಮಾರ್ಕೆಟಿಂಗ್ ಅಕ್ಕಾ. ಇವನದು ಮಾರೋದು.

ಶೇಷಣ್ಣ: ಬಿರುಬಿಸಿಲಲ್ಲಿ ಟೈ ಕಟ್ಕೊಂಡು ವಾಟರ್ ಫಿಲ್ಟರ್ ಹೊತ್ಕೊಂಡು ಬರ್ತಾರಲ್ಲ, ಆ ಜಾತಿನಾ?

ನಾಣಪ್ಪ: ಛೆ ಛೆ, ಟೈ ಕಟ್ಟಿದವನೇ ಅಲ್ಲ.

ಸಾವಿತ್ರಮ್ಮ: ಹಂಗಾದ್ರೆ ನೆಟ್‌ವರ್ಕ್ ಮಾರ್ಕೆಟಿಂಗೇ ಸೈ. ಬ್ಯಾಡ್ವೇ ಬ್ಯಾಡ. ನಮ್ಮ ಭಾವನ ಮಗ ಪ್ರೋಟೀನ್ ಪೌಡರ್ ತಗೊಂಡು ಬಂದಿದ್ದ. ನೀವು ಇಬ್ಬರನ್ನ ಸೇರ್ಸಿ, ಅವರು ಇಬ್ಬಿಬ್ಬರನ್ನ ಸೇರ್ಸ್ತಾರೆ, ಮನೆಯಲ್ಲಿ ಕೂತೇ ಕಾರು ಬರುತ್ತೆ ಅಂದ. ಕಾರು ಬರ್ಲಿಲ್ಲ. ಈಗ ಅವನು ಬಂದ ಅಂದ್ರೆ ನೆಂಟರೆಲ್ಲ ಹಿತ್ಲು ಬಾಗ್ಲಲ್ಲಿ ಜಾರ್ಕೋತಾರೆ. ಡಬ್ಬಿ ಗಟ್ಟಿ ಇತ್ತು, ಸಾಸಿವೆ ಹಾಕಿಟ್ಟಿದೀನಿ.

ಸುಮಾ (ಎಂಬಿಎ ಓದಿದ ಮಗಳು, ಒಳಗಿಂದ): ಜನ ಸೇರ್ಸಿದ್ದಕ್ಕೇ ದುಡ್ಡು ಹಂಚೋ ಪಿರಮಿಡ್ ಸ್ಕೀಮನ್ನ 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮದಲ್ಲಿ ನಿಷೇಧಿಸಿದಾರೆ ಅಮ್ಮಾ.

ಸಾವಿತ್ರಮ್ಮ: ಅದನ್ನ ಆಗ್ಲೇ ಹೇಳಬಾರದಿತ್ತಾ?

(ಶೇಷಣ್ಣನ ಫೋನು ಬಡಿದುಕೊಳ್ಳುತ್ತದೆ.)

ಶೇಷಣ್ಣ: ಹಲೋ... ಲೋನಾ? ಬೇಡ ಮಾರಾಯ್ತಿ, ಇರೋದನ್ನೇ ಕಟ್ಟೋಕಾಗ್ತಿಲ್ಲ... (ಇಟ್ಟು) ಇದು ಯಾವ ಮಾರ್ಕೆಟಿಂಗು?

ಸುಮಾ: ಟೆಲಿಮಾರ್ಕೆಟಿಂಗ್. ನಂಬರು 140ರಿಂದ ಶುರುವಾದ್ರೆ ಎತ್ತಬೇಡ ಅಪ್ಪಾ. 1909ಕ್ಕೆ ಮೆಸೇಜ್ ಹಾಕಿ ನಿಲ್ಲಿಸಬಹುದು ಅಂತ ಎಷ್ಟು ಸಲ ಹೇಳಿದೀನಿ.

ಶೇಷಣ್ಣ: ಪಾಪ, ಇಷ್ಟು ಮರ್ಯಾದೆಯಿಂದ ‘ಸರ್’ ಅಂತ ನನ್ನನ್ನ ಕರೆಯೋದು ಅವಳೊಬ್ಳೇ. ಅಂದಹಾಗೆ ನಾಣಪ್ನೋರೆ, ನಾನೂ ಮಾರ್ಕೆಟಿಂಗ್‌ನಲ್ಲೇ ಇದೀನಿ. ನಮ್ಮ ಮ್ಯಾಮ್ಕೋಸ್ ಅಂದ್ರೆ ಎಂತ ಅಂದ್ಕೊಂಡ್ರಿ? ಮಲ್ನಾಡ್ ಅರೆಕಾ ಮಾರ್ಕೆಟಿಂಗ್ ಸೊಸೈಟಿ. ಮಂಗಳೂರಲ್ಲಿ 1973ರಲ್ಲಿ ಶುರುವಾಯ್ತಲ್ಲ ಕ್ಯಾಂಪ್ಕೋ, ಅದರ ಹೆಸರಲ್ಲೂ ಮಾರ್ಕೆಟಿಂಗ್ ಇದೆ. ಎಪಿಎಂಸಿಯಲ್ಲಿ ‘ಎಂ’ ಅಂದ್ರೂ ಮಾರ್ಕೆಟ್ಟೇ. ಇಷ್ಟು ಮಾರ್ಕೆಟಿಂಗ್ ಇದ್ದೂ ನನ್ನ ಅಡಿಕೆಗೆ ರೇಟು ಹೇಳೋ ಅಧಿಕಾರ ನನಗಿಲ್ಲ.

ಸುಮಾ: ನಮ್ಮ ಕಾಲೇಜಲ್ಲಿ ಮಾರ್ಕೆಟಿಂಗ್ ಅಂದ್ರೆ ನಾಲ್ಕು ‘ಪಿ’ ಅಂತ ಹೇಳಿಕೊಟ್ರು. 1960ರಲ್ಲಿ ಅಮೆರಿಕದ ಮೆಕಾರ್ಥಿ ಅನ್ನೋ ಮೇಷ್ಟ್ರು ಬರೆದಿದ್ದು. ಪ್ರಾಡಕ್ಟು, ಪ್ರೈಸು, ಪ್ಲೇಸು, ಪ್ರಮೋಷನ್ನು.

ಶೇಷಣ್ಣ: ಒಂದೊಂದಾಗಿ ಹೇಳು ನೋಡಣ.

ಸುಮಾ: ಪ್ರಾಡಕ್ಟು, ಅಂದ್ರೆ ಮಾಲು.

ಶೇಷಣ್ಣ: ನನ್ನದೇ. ಕೊಯ್ದು, ಸುಲಿದು, ಚೊಗರಲ್ಲಿ ಬೇಯಿಸಿ, ಒಣಗಿಸಿ, ಮಳೆ ಬಂದಾಗ ಎತ್ತಿ, ಬಿಸಿಲು ಬಂದಾಗ ಹರವಿ ನನ್ನ ಸೊಂಟ ಹೋತು.

ಸುಮಾ: ಪ್ರೈಸು.

ಶೇಷಣ್ಣ: ಟೆಂಡರ್ ಬರೆಯೋರದು. ರಾಶಿ ದರ್ಜೆ ಅಂತ ನಾನು ತಗೊಂಡು ಹೋಗ್ತೀನಿ, ಕೀಳು ದರ್ಜೆ ಗೊರಬಲು ಕಂಡ ಹಾಗೆ ಮುಖ ಮಾಡ್ಕೊಂಡು ಅವರು ನೋಡ್ತಾರೆ.

ಸುಮಾ: ಪ್ಲೇಸು.

ಶೇಷಣ್ಣ: ಶಿವಮೊಗ್ಗದ ಯಾರ್ಡು. ಅಲ್ಲಿ ತನಕದ ವ್ಯಾನಿನ ಬಾಡಿಗೆ ಮಾತ್ರ ನಂದು.

ಸುಮಾ: ಪ್ರಮೋಷನ್ನು, ಅಂದ್ರೆ ಜಾಹೀರಾತು.

ಶೇಷಣ್ಣ: ಅದೇ ನನಗೆ ಅರ್ಥ ಆಗದಿರೋದು. ಟೀವಿಯಲ್ಲಿ ದೊಡ್ಡ ದೊಡ್ಡ ನಟರು ಕೋಟು ಹಾಕ್ಕೊಂಡು ಹೆಲಿಕಾಪ್ಟರಿಂದ ಇಳಿದು ಬಂದು ಏಲಕ್ಕಿ ಬಾಯಿಗೆ ಹಾಕ್ಕೋತಾರೆ! ಏಲಕ್ಕಿಗೆ ಅಷ್ಟು ಖರ್ಚು ಮಾಡೋರಿದ್ರೆ ನಾನು ಅಡಿಕೆ ತೋಟದ ತುಂಬ ಏಲಕ್ಕಿ ಹಾಕ್ತಿದ್ದೆ.

ಸುಮಾ: ಅದು ಏಲಕ್ಕಿಗಲ್ಲ ಅಪ್ಪಾ. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆ ಅಡ್ಡ ಇದೆ. ಅದಕ್ಕೆ ಅದೇ ಹೆಸರಲ್ಲಿ ಏಲಕ್ಕಿ ತೋರಿಸ್ತಾರೆ. ಸರೊಗೇಟ್ ಜಾಹೀರಾತು ಅಂತಾರೆ.

ಶೇಷಣ್ಣ: ಅಂದ್ರೆ ಗುಟ್ಕಾದಲ್ಲಿರೋ ಅಡಿಕೆ ನಮ್ದು, ಹೆಸರು ಏಲಕ್ಕಿದು, ದುಡ್ಡು ಅವರ್ದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆದಾಗ ರೇಟು ಏನಾಗುತ್ತೋ ಅಂತ ನಿದ್ದೆಗೆಟ್ಟವನು ಮಾತ್ರ ನಾನು.

ಸಾವಿತ್ರಮ್ಮ: ಅಡಿಕೆ ಪುರಾಣ ಸಾಕು. ಹುಡುಗನ ಆಫೀಸು ಎಲ್ಲಿ?

ನಾಣಪ್ಪ: (ಕೆಮ್ಮಿ) ವರ್ಕ್ ಫ್ರಮ್ ಹೋಮ್.

ಸುಮಾ: ಮೇಲಧಿಕಾರಿ?

ನಾಣಪ್ಪ: ಅವರಪ್ಪ.

ಶೇಷಣ್ಣ: ಮಾರೋದು ಎಂತ?

ನಾಣಪ್ಪ: ರಾಶಿ... ಬೆಟ್ಟೆ... ಒಳ್ಳೇ ವರ್ಷ ಆದ್ರೆ ಒಂಚೂರು ಸರಕು.

(ಜಗಲಿಯಲ್ಲಿ ಮಾತಿಲ್ಲ. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗರಿಗೆ ಮಲೆನಾಡಲ್ಲಿ ಹೆಣ್ಣು ಸಿಗದೆ ವರ್ಷಗಳೇ ಆದವು. ದಲ್ಲಾಳಿಗಳೂ ಹೊಟ್ಟೆ ಹೊರೆಯಬೇಕಲ್ಲ.)

ಶೇಷಣ್ಣ: ಅಂದ್ರೆ ಅಡಿಕೆ ತೋಟದ ಹುಡುಗ!

ನಾಣಪ್ಪ: ನಾಲ್ಕೆಕರೆ ತೋಟ, ನೀರಿದೆ, ಸಾಲ ಇಲ್ಲ. ‘ತೋಟ ಮಾಡ್ತಾನೆ’ ಅಂದ್ರೆ ಯಾವ ಮನೆಯಲ್ಲೂ ಜಗಲಿ ಹತ್ತಿಸಲ್ಲ ಮಾರಾಯ್ರೆ. ‘ಮಾರ್ಕೆಟಿಂಗ್’ ಅಂದ್ರೆ ಕಾಫಿ ಕೊಡ್ತಾರೆ. ನಾನು ಮಾಡಿದ್ದೂ ಮಾರ್ಕೆಟಿಂಗೇ.

ಶೇಷಣ್ಣ: ಬೆಳೆಗಾರನಿಗೆ ನನ್ನ ಮಗಳನ್ನ ಕೊಡೋ ಮಾತೇ ಇಲ್ಲ.

ಸಾವಿತ್ರಮ್ಮ: ನಮ್ಮಪ್ಪ ನನ್ನನ್ನ ಯಾರಿಗೆ ಕೊಟ್ಟಿದ್ದು, ಡೆಪ್ಯುಟಿ ಕಮಿಷನರ್‌ಗಾ?

ಶೇಷಣ್ಣ: ...

ಸುಮಾ (ಜಗಲಿಗೆ ಬಂದು): ನಾಣಪ್ಪ ಮಾವ, ಒಂದೇ ಪ್ರಶ್ನೆ. ಅಡಿಕೆಯನ್ನ ರಸೀದಿ ತಗೊಂಡು ಸೊಸೈಟಿಗೆ ಹಾಕ್ತಾನಾ, ಬಿಳಿ ಚೀಟಿಯಲ್ಲಿ ಮಂಡಿಗೆ ಕೊಟ್ಟು ಬರ್ತಾನಾ?

ನಾಣಪ್ಪ: ರಸೀದಿ ಇಲ್ದೆ ಒಂದು ಮೂಟೆ ಇಳಿಸಿದವನಲ್ಲ. ಕೊಳ್ಳೋರು ಕೊಡಬೇಕಾದ ಕಮಿಷನ್ನನ್ನ ರೈತನ ಲೆಕ್ಕದಲ್ಲಿ ಹಿಡಿಯೋಕೆ ಬಂದಿದ್ರು ಅಂತ ಮಂಡಿಯಲ್ಲಿ ಅರ್ಧ ದಿನ ಜಗಳ ಆಡಿದಾನೆ.

ಸುಮಾ: ಹಂಗಾದ್ರೆ ಭಾನುವಾರ ಬರ್ಲಿ. ಆದ್ರೆ ಬಯೋಡೇಟಾದಲ್ಲಿ ಆ ಮಾರ್ಕೆಟಿಂಗ್ ಹೊಡೆದುಹಾಕಿ ‘ಅಡಿಕೆ ಬೆಳೆಗಾರ’ ಅಂತ ಬರೆಸ್ಕೊಂಡೇ ಬರ್ಬೇಕು.