ಅಂಕಮೀಮಾಂಸೆ: ಬೇಸ್‌ಬಾಲ್ ರಸಿಕರ ವಾದಪದ್ಧತಿಯನ್ನು ಕುರಿತ ಶಾಸ್ತ್ರೀಯ ಜಿಜ್ಞಾಸೆ

ಉಪೋದ್ಘಾತ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದ್ದರಿಂದ, ಅದನ್ನು ಮೀರುವ ಧೈರ್ಯ ನಮಗಿಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ನೋಡುವ ಮಹಾಜನರು, ಆಟ ನಡೆಯುತ್ತಿರುವಾಗಲೂ ಮುಗಿದ ಮೇಲೂ, ಇಂಥವನು ಮೇಲು, ಇಂಥವನು ಕೀಳು, ಇವನನ್ನು ತಂಡದಲ್ಲಿ ಇರಿಸಿಕೊಳ್ಳತಕ್ಕದ್ದು, ಅವನನ್ನು ಬೇರೆ ಊರಿಗೆ ಸಾಗಹಾಕತಕ್ಕದ್ದು ಎಂದು ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ಹೂಡುವ ವಾದವೇ ಇಲ್ಲಿ ವಿಷಯ. ಪ್ರಯೋಜನವೇನೆಂದು ಕೇಳುವವನು ಈ ಶಾಸ್ತ್ರಕ್ಕೆ ಹೊರಗಿನವನು. ತಂಡದ ಒಡೆಯನಾಗಲಿ ಮ್ಯಾನೇಜರನಾಗಲಿ ಈ ವಾದದ ಒಂದಕ್ಷರವನ್ನೂ ಕಿವಿಗೆ ಹಾಕಿಕೊಳ್ಳನಾದ ಕಾರಣ, ವಾದಕ್ಕೂ ಆಟಕ್ಕೂ ಇರುವುದು ಅಸಂಬಂಧವೆಂಬ ಸಂಬಂಧ. ಇನ್ನು ಅಧಿಕಾರಿ ಯಾರೆಂದರೆ, ಗಂಟೆಗೆ 95 ಮೈಲಿ ವೇಗದಲ್ಲಿ ಬರುವ ಚೆಂಡಿನೆದುರು ಜನ್ಮದಲ್ಲಿ ಒಮ್ಮೆಯೂ ನಿಲ್ಲದೆ, ನಿಂತು ತಪ್ಪಿದವನನ್ನು ಕುರಿತು ಕಡಲೆಕಾಯಿ ಸುಲಿಯುತ್ತ ತೀರ್ಪು ಹೇಳಬಲ್ಲ ಸಮಚಿತ್ತನು. ಒಂದೊಂದು ತಂಡದಲ್ಲಿ 26 ಮಂದಿ, ಒಂದೊಂದು ತಂಡಕ್ಕೂ ವರ್ಷಕ್ಕೆ 162 ಪಂದ್ಯ. ಆದಕಾರಣ ಇಂತಹ ಸಮಚಿತ್ತರಿಗೆ ಕೆಲಸದ ಕೊರತೆಯಿಲ್ಲ.

ಆಚಾರ್ಯಪರಂಪರೆ

ಪ್ರಾಚೀನ ಮತಕ್ಕೆ ಸೂತ್ರಕಾರನು ಹೆನ್ರಿ ಚಾಡ್‌ವಿಕ್. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ, ಹುಡುಗತನದಲ್ಲಿಯೇ ಅಮೆರಿಕಕ್ಕೆ ಬಂದು, ಮೊದಲು ಕ್ರಿಕೆಟ್ಟಿನ ವರದಿಗಳನ್ನು ಬರೆಯುತ್ತಿದ್ದ ಈ ಪತ್ರಕರ್ತನು ಬೇಸ್‌ಬಾಲಿಗೆ ಮನಸೋತು, ಒಂದು ಮಧ್ಯಾಹ್ನದ ಬೆವರು, ಧೂಳು, ಕೂಗಾಟಗಳನ್ನೆಲ್ಲ ಅಂಗೈಯಗಲದ ಕೋಷ್ಟಕವೊಂದರಲ್ಲಿ ಅಡಗಿಸುವ ವಿದ್ಯೆಯನ್ನು ಬೆಳೆಸಿಕೊಟ್ಟನು. ಬ್ಯಾಟಿಂಗ್ ಸರಾಸರಿಯೆಂಬ ಮಹಾವಾಕ್ಯವು ಪ್ರಚಾರಕ್ಕೆ ಬಂದುದೂ ಈತನಿಂದಲೇ. ಆದರೆ ಆ ಸೂತ್ರದಲ್ಲಿ ಒಂದು ಸಂದಿಗ್ಧಸ್ಥಳ ಉಳಿಯಿತು. ದಾರಿತಪ್ಪಿ ಬಂದ ಚೆಂಡುಗಳಿಗೆ ಬ್ಯಾಟ್ ಬೀಸದೆ ಸುಮ್ಮನೆ ನಿಂತಿದ್ದು, ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋಗುವವನಿಗೆ ಪುಣ್ಯವುಂಟೋ ಇಲ್ಲವೋ? ಅದು ಚೆಂಡೆಸೆದವನ ಪಾಪವೇ ಹೊರತು ಬ್ಯಾಟ್ ಹಿಡಿದವನ ಪುಣ್ಯವಲ್ಲವೆಂಬುದು ಪ್ರಾಚೀನರ ನಿರ್ಣಯ. 1887ರಲ್ಲಿ ಮಾತ್ರ ಈ ನಡಿಗೆಯನ್ನೂ ಹೊಡೆತವೆಂದೇ ಎಣಿಸತಕ್ಕದ್ದೆಂದು ವಿಧಿಸಲಾಗಿ, ಆ ವರ್ಷ ಎಲ್ಲರ ಸರಾಸರಿಯೂ ಉಬ್ಬಿಹೋದುದನ್ನು ಕಂಡು ಪಂಡಿತರು ಬೆದರಿ, ಮರುವರ್ಷವೇ ಆ ವಿಧಿಯನ್ನು ರದ್ದುಗೊಳಿಸಿದರು.

ನವ್ಯಮತದ ಭಾಷ್ಯಕಾರನು ಬಿಲ್ ಜೇಮ್ಸ್. ನಮ್ಮ ಋಷಿಗಳು ಅರಣ್ಯವನ್ನು ಆಶ್ರಯಿಸಿದ್ದುದುಂಟು. ಈತನು ಕ್ಯಾನ್ಸಾಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನಲ್ಲಿ, ಹಂದಿಮಾಂಸ ಬೆರೆಸಿದ ಬೀನ್ಸನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರ ರಾತ್ರಿಯ ಕಾವಲುಗಾರನಾಗಿದ್ದು, ಕಳ್ಳರು ಬಾರದ ದೀರ್ಘರಾತ್ರಿಗಳಲ್ಲಿ ಆಟಗಾರರ ಅಂಕಿಗಳನ್ನು ಮಥಿಸಿ, 1977ರಲ್ಲಿ ತನ್ನ ಮೊದಲ ವಾರ್ಷಿಕ ಗ್ರಂಥವನ್ನು ತಾನೇ ಅಚ್ಚುಹಾಕಿಸಿ ಮಾರಿದನು. ಸುಮ್ಮನೆ ನಿಂತು ನಡೆದುಹೋಗುವವನೂ ಔಟಾಗದೆ ಉಳಿದನಷ್ಟೆ, ಔಟಾಗದಿರುವುದೇ ಪರಮಪುರುಷಾರ್ಥವಷ್ಟೆ ಎಂದು ವಾದಿಸಿ, ಅಕರ್ಮದಲ್ಲಿ ಕರ್ಮವನ್ನು ಕಾಣುವ ದೃಷ್ಟಿಯನ್ನು ಲೋಕಕ್ಕೆ ಕೊಟ್ಟವರು ಈ ಮತದವರು.

ಪ್ರಮಾಣನಿರೂಪಣೆ

ಪ್ರಾಚೀನರು ಪ್ರತ್ಯಕ್ಷವಾದಿಗಳು: ಕಣ್ಣಿಗೆ ಕಂಡದ್ದೇ ಸತ್ಯ, ಹೋಂ ರನ್ ಹೊಡೆದವನೇ ಧೀರ. ನವ್ಯರು ಅನುಮಾನವಾದಿಗಳು: ಕಣ್ಣು ಮೋಸಹೋಗುತ್ತದೆ, ಕೋಷ್ಟಕ ಮೋಸಹೋಗದು. ಉಭಯರ ಮಧ್ಯೆ ನಡೆದ ಮಹಾವಿವಾದಗಳಲ್ಲಿ ಶಿರೋಮಣಿಪ್ರಾಯವಾದುದು 2012ರದು. ಆ ವರ್ಷ ಡೆಟ್ರಾಯಿಟಿನ ಮಿಗೆಲ್ ಕಬ್ರೆರಾ ಸಾವಿರಕ್ಕೆ 330ರ ಸರಾಸರಿ, 44 ಹೋಂ ರನ್, 139 ರನ್‌ಗಳಿಗೆ ಕಾರಣನಾದ ಕೀರ್ತಿ, ಈ ಮೂರರಲ್ಲಿಯೂ ತನ್ನ ಲೀಗಿಗೆ ಮೊದಲಿಗನಾಗಿ, 1967ರಿಂದ ಯಾರ ತಲೆಗೂ ಏರದಿದ್ದ ತ್ರಿವಳಿ ಕಿರೀಟವನ್ನು ಧರಿಸಿದನು. ಅದೇ ವರ್ಷ ಏಂಜಲ್ಸ್ ತಂಡದ ಮೈಕ್ ಟ್ರೌಟ್ ಎಂಬ ಹೊಸ ಹುಡುಗನು 30 ಹೋಂ ರನ್ ಹೊಡೆದು, 49 ಬೇಸ್‌ಗಳನ್ನು ಹಾಡುಹಗಲೇ ಕದ್ದು, ಬೇಲಿಯ ಮೇಲಕ್ಕೆ ಹಾರಿ ಪರರ ಹೋಂ ರನ್ನುಗಳನ್ನೂ ಅಪಹರಿಸಿದನು. ಇವರಿಬ್ಬರಲ್ಲಿ ಶ್ರೇಷ್ಠನಾರು?

ಕಬ್ರೆರಾನೇ, ಏಕೆಂದರೆ ಅವನ ತಂಡ ಮುಂದಿನ ಸುತ್ತಿಗೆ ಹೋಯಿತು, ಟ್ರೌಟನ ತಂಡ ಮನೆಗೆ ಹೋಯಿತು ಎಂಬುದು ಪೂರ್ವಪಕ್ಷ. ಡೆಟ್ರಾಯಿಟ್ ಗೆದ್ದದ್ದು 88 ಪಂದ್ಯ, ಏಂಜಲ್ಸ್ ಗೆದ್ದದ್ದು 89. ವಿಭಾಗದಲ್ಲಿ ಬಲವಾದ ನೆರೆಹೊರೆಯವರಿದ್ದುದು ಹುಡುಗನ ಅಪರಾಧವೇ ಎಂಬುದು ಉತ್ತರಪಕ್ಷ. ಲೀಗಿನ ಶ್ರೇಷ್ಠ ಆಟಗಾರನಾರೆಂದು ಮತ ಹಾಕಿ ತೀರ್ಪು ಕೊಡಬೇಕಾದ ಪತ್ರಕರ್ತರು 28 ಮಂದಿ. ಅವರಲ್ಲಿ 22 ಮಂದಿ ಕಬ್ರೆರಾನಿಗೆ ಮೊದಲ ಸ್ಥಾನವಿತ್ತು ವ್ಯಾಜ್ಯವನ್ನು ಮುಗಿಸಿದರು. ಮುಗಿಸಿದರೆಂದು ಅವರಷ್ಟೇ ತಿಳಿದರು.

ನವ್ಯರ ಬ್ರಹ್ಮಾಸ್ತ್ರಕ್ಕೆ ವಾರ್ ಎಂದು ಹೆಸರು. ಒಬ್ಬ ಆಟಗಾರನ ಜಾಗದಲ್ಲಿ, ಕನಿಷ್ಠ ಸಂಬಳಕ್ಕೆ ಎಲ್ಲಿಯಾದರೂ ಸಿಕ್ಕುವ ಸಾಧಾರಣನೊಬ್ಬನನ್ನು ನಿಲ್ಲಿಸಿದ್ದರೆ ತಂಡವು ಎಷ್ಟು ಗೆಲುವುಗಳನ್ನು ಕಳೆದುಕೊಳ್ಳುತ್ತಿತ್ತೋ ಅಷ್ಟೇ ಅವನ ಬೆಲೆ. ಇಲ್ಲಿ ತಾರ್ಕಿಕರು ಬೆರಗಾಗುವ ಅಂಶವೊಂದುಂಟು. ಆ ಸಾಧಾರಣನಿಗೆ ಹೆಸರಿಲ್ಲ, ಊರಿಲ್ಲ, ತಾಯಿತಂದೆಗಳಿಲ್ಲ. ವಂಧ್ಯಾಪುತ್ರನೂ ಮೊಲದ ಕೊಂಬೂ ನಮ್ಮ ಶಾಸ್ತ್ರಗಳಲ್ಲಿ ಅಸತ್ತಿಗೆ ಉದಾಹರಣೆಗಳಾಗಿ ಸವೆದುಹೋಗಿವೆಯಾದರೂ, ವಂಧ್ಯಾಪುತ್ರನನ್ನೇ ಅಳತೆಗೋಲು ಮಾಡಿಕೊಂಡು ಮನೆಮಕ್ಕಳ ಎತ್ತರವನ್ನು ಅಳೆದ ಕೀರ್ತಿ ಬೇಸ್‌ಬಾಲ್ ಪಂಡಿತರಿಗೇ ಸಲ್ಲಬೇಕು. ಈ ಅಸ್ತ್ರಕ್ಕೆ ಬೇಸ್‌ಬಾಲ್ ರೆಫರೆನ್ಸ್ ಶಾಖೆ, ಫ್ಯಾನ್‌ಗ್ರಾಫ್ಸ್ ಶಾಖೆ ಎಂದು ಪಾಠಭೇದಗಳೂ ಇದ್ದು, ಚೆಂಡೆಸೆಯುವ ಪಿಚರನೊಬ್ಬನೇ ಒಂದು ಶಾಖೆಯಲ್ಲಿ ಮಹಾತ್ಮನೂ ಇನ್ನೊಂದರಲ್ಲಿ ಪಾಮರನೂ ಆಗುವುದುಂಟು. 2013ರಲ್ಲಿ ಉಭಯ ಶಾಖೆಯವರೂ ಸಂಧಿ ಮಾಡಿಕೊಂಡು, ಅಂತಹ ಸಾಧಾರಣರೇ ತುಂಬಿದ ತಂಡವು ಸಾವಿರಕ್ಕೆ 294ರಂತೆ, ಎಂದರೆ 162ರಲ್ಲಿ ಸುಮಾರು 48 ಪಂದ್ಯಗಳನ್ನು ಗೆಲ್ಲುವುದೆಂದು ಒಪ್ಪಿದರು. ಇರುವ ಆಟಗಾರರ ವಿಷಯದಲ್ಲಿ ಕೂಡದ ಒಮ್ಮತವು ಇಲ್ಲದವನ ವಿಷಯದಲ್ಲಿ ಕೂಡಿಬಂದಿತು.

ವಿನಿಯೋಗಾಧಿಕರಣ

ಯಾರನ್ನು ಯಾವಾಗ ಆಡಿಸಬೇಕು, ಯಾವಾಗ ಕೂರಿಸಬೇಕು ಎಂಬಲ್ಲಿ ಎರಡು ದೃಷ್ಟಾಂತಗಳನ್ನು ವಿದ್ವಾಂಸರು ಕಂಠಪಾಠ ಮಾಡಿರುತ್ತಾರೆ. 2003ರ ಅಕ್ಟೋಬರ್ ತಿಂಗಳಲ್ಲಿ, ಯಾಂಕೀ ಕ್ರೀಡಾಂಗಣದಲ್ಲಿ ನಡೆದ, ಲೀಗಿನ ಪಟ್ಟವನ್ನು ನಿರ್ಣಯಿಸುವ ಸರಣಿಯ ಏಳನೆಯ ಪಂದ್ಯದ ಎಂಟನೆಯ ಇನ್ನಿಂಗ್ಸಿನಲ್ಲಿ, ಬಾಸ್ಟನ್ 5-2ರಿಂದ ಮುಂದಿದ್ದಾಗ, ಪಿಚರ್ ಪೆಡ್ರೊ ಮಾರ್ಟಿನೆಸನ ತೋಳು ದಣಿದಿತ್ತು. ನೂರು ಎಸೆತ ದಾಟಿದ ಪೆಡ್ರೊ ಬೇರೆಯೇ ಮನುಷ್ಯನೆಂದು ಅಂಕಿಗಳು ಹೇಳುತ್ತಿದ್ದವು. ಮ್ಯಾನೇಜರ್ ಗ್ರೇಡಿ ಲಿಟಲ್ ಪಿಚರನು ನಿಲ್ಲುವ ದಿಬ್ಬದವರೆಗೆ ನಡೆದುಹೋಗಿ, ಅವನ ಮುಖ ನೋಡಿ, ಎರಡು ಮಾತಾಡಿ, ಅವನನ್ನು ಅಲ್ಲಿಯೇ ಬಿಟ್ಟು ಹಿಂದಿರುಗಿದನು. ಎದುರಾಳಿಗಳು ಅದೇ ಇನ್ನಿಂಗ್ಸಿನಲ್ಲಿ ಸಮಮಾಡಿಕೊಂಡು, ಹನ್ನೊಂದನೆಯದರಲ್ಲಿ ಗೆದ್ದರು. ಲಿಟಲನ ಕರಾರು ಮತ್ತೆ ನವೀಕರಣವಾಗಲಿಲ್ಲ. ಅಂಕಿಗಳನ್ನು ಅವಮಾನಿಸಿದವನ ಗತಿಯಿದು ಎಂದು ನವ್ಯರು ಡಂಗುರ ಹೊಡೆದರು.

2020ರ ವರ್ಲ್ಡ್ ಸೀರೀಸಿನ ಆರನೆಯ ಪಂದ್ಯದಲ್ಲಿ ಟ್ಯಾಂಪಾ ಬೇ ತಂಡದ ಬ್ಲೇಕ್ ಸ್ನೆಲ್ ಕೇವಲ 73 ಎಸೆತಗಳಲ್ಲಿ 9 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ, ಎರಡೇ ಹೊಡೆತಗಳನ್ನು ಕೊಟ್ಟು, 1-0 ಮುನ್ನಡೆಯನ್ನು ಕಾಯುತ್ತಿದ್ದನು. ಒಂದೇ ಪಿಚರನನ್ನು ಮೂರನೆಯ ಬಾರಿ ಎದುರಿಸುವ ಬ್ಯಾಟರನು ಅಪಾಯಕಾರಿಯೆಂದು ಅಂಕಿಗಳು ಹೇಳುತ್ತಿದ್ದವು. ಮ್ಯಾನೇಜರ್ ಕೆವಿನ್ ಕ್ಯಾಶ್ ಅಂಕಿಗಳಿಗೆ ತಲೆಬಾಗಿ ಸ್ನೆಲನನ್ನು ಹೊರಗೆ ಕರೆದನು. ಮುಂದೆ ಬ್ಯಾಟ್ ಹಿಡಿಯಬೇಕಾಗಿದ್ದ ಮೂವರೂ ಅಂದು ಸ್ನೆಲನಿಗೆ ಎರಡೆರಡು ಬಾರಿ ಸ್ಟ್ರೈಕ್‌ಔಟ್ ಆಗಿದ್ದವರು. ಅವರಲ್ಲಿ ಮೊದಲಿಗನಾದ ಮೂಕಿ ಬೆಟ್ಸ್ ಹೊಸ ಪಿಚರನನ್ನು ಕಂಡೊಡನೆ ಎರಡನೆಯ ಬೇಸಿನವರೆಗೂ ಹೊಡೆದನು. ಅದೇ ಇನ್ನಿಂಗ್ಸಿನಲ್ಲಿ ಮುನ್ನಡೆ ಹೋಯಿತು. ಡಾಡ್ಜರ್ಸ್ 3-1ರಿಂದ ಗೆದ್ದು ಪಟ್ಟವನ್ನೇರಿದರು. ಅಂಕಿಗಳನ್ನು ಪೂಜಿಸಿದವನ ಗತಿಯಿದು ಎಂದು ಪ್ರಾಚೀನರು ಅದೇ ಡಂಗುರವನ್ನು ಇಸಿದುಕೊಂಡು ಹೊಡೆದರು. ಮುಂದಿನ ತಿಂಗಳು ಅದೇ ಕ್ಯಾಶನಿಗೆ ಅವನ ತಂಡದ ಲೀಗಿನ ವರ್ಷದ ಮ್ಯಾನೇಜರನೆಂಬ ಬಿರುದು ಬಂದಿತು. ಮತಗಳನ್ನು ಮೊದಲೇ ಹಾಕಿ ಆಗಿದ್ದುದರಿಂದ ವಿಧಿ ನಿರುಪಾಯವಾಗಿತ್ತು.

ಸಿದ್ಧಾಂತ

ಈ ದೃಷ್ಟಾಂತದ್ವಯದಿಂದ, ಪ್ರತ್ಯಕ್ಷ ಅನುಮಾನಗಳಿಗಿಂತ ಬಲವತ್ತರವಾದ ಮೂರನೆಯ ಪ್ರಮಾಣವೊಂದುಂಟೆಂದು ಸಿದ್ಧವಾಗುತ್ತದೆ. ಅದು ಫಲಿತಾಂಶ. ಪಂದ್ಯ ಮುಗಿದ ಮರುಕ್ಷಣದಲ್ಲಿ ಉದಿಸುವ ಈ ಜ್ಞಾನವು ಮುಗಿಯುವ ಮುನ್ನ ಯಾರಿಗೂ ಇರುವುದಿಲ್ಲ. ಮುಗಿದ ಮೇಲೆ, ಮೊದಲಿನಿಂದಲೂ ತಮಗಿತ್ತೆಂದು ಎಲ್ಲರಿಗೂ ನೆನಪಾಗುತ್ತದೆ.

ಅಂಕಿಗಳು ಹೆಚ್ಚಿದಂತೆಲ್ಲ ವಾದಗಳು ಕಡಿಮೆಯಾಗಬೇಡವೇ ಎಂದು ಶಂಕಿಸುವವರಿಗೆ ಸಮಾಧಾನ ಹೀಗಿದೆ. ಮೊದಲು ಆಟಗಾರನು ಒಳ್ಳೆಯವನೋ ಅಲ್ಲವೋ ಎಂಬ ಒಂದೇ ವಾದವಿತ್ತು. ಅದನ್ನು ತೀರಿಸಲೆಂದು ಅಂಕಿಯನ್ನು ಕರೆತರಲಾಗಿ, ಅಂಕಿಯು ಒಳ್ಳೆಯದೋ ಅಲ್ಲವೋ ಎಂಬ ಎರಡನೆಯ ವಾದ ಹುಟ್ಟಿತು. ಅದನ್ನು ತೀರಿಸಲು ಇನ್ನೊಂದು ಅಂಕಿ, ಅದಕ್ಕೊಂದು ವ್ಯಾಜ್ಯ. ನ್ಯಾಯಾಧೀಶನೆಂದು ಕೂರಿಸಿದವನೇ ಕಕ್ಷಿಗಾರನಾಗಿ ಎದ್ದುನಿಂತರೆ ಯಾವ ಕಚೇರಿಯ ಕೆಲಸ ಮುಗಿದೀತು? ಇದನ್ನು ಅನವಸ್ಥಾದೋಷವೆಂದು ತಾರ್ಕಿಕರು ನಿಂದಿಸುವರಾದರೂ, ಬೇಸ್‌ಬಾಲ್ ರಸಿಕನು ಇದನ್ನೇ ಜೀವನೋಪಾಯವೆಂದು ಭಾವಿಸುತ್ತಾನೆ.

ಫಲಶ್ರುತಿ

ಆಟಗಳು ನಿಂತು, ಮೈದಾನಗಳ ಮೇಲೆ ಹಿಮ ಬಿದ್ದು, ತಂಡಗಳು ಆಟಗಾರರನ್ನು ಕೊಂಡು ಮಾರುವ ಚಳಿಗಾಲದಲ್ಲಿ ಈ ಪ್ರಬಂಧವನ್ನು ಒಲೆಯ ಪಕ್ಕ ಕುಳಿತು ಪಠಿಸುವವನಿಗೆ, ತನ್ನ ತಂಡವು ಬಿಟ್ಟುಕೊಟ್ಟವನು ಬೇರೆ ತಂಡದಲ್ಲಿ ಕೆಟ್ಟದಾಗಿ ಆಡಲಿ. ಕೊಂಡುತಂದವನ ಮೊಣಕೈ ಗಟ್ಟಿಯಾಗಿರಲಿ. ಬೇಕಾದ ಅಂಕಿ ಬೇಕಾದ ಹೊತ್ತಿಗೆ ನಾಲಗೆಯ ತುದಿಗೆ ಬರಲಿ. ಎಲ್ಲಕ್ಕಿಂತ ಮಿಗಿಲಾಗಿ, ಎದುರು ಕುಳಿತ ಗೆಳೆಯನು ಎಲ್ಲವನ್ನೂ ಸಾವಧಾನವಾಗಿ ಕೇಳಿ, ನೀನು ಹೇಳುವುದೇ ಸರಿಯೆಂದು ಒಪ್ಪಿಕೊಂಡುಬಿಡುವ ಮಹಾವಿಪತ್ತು ಅವನಿಗೆ ಎಂದೆಂದಿಗೂ ಒದಗದಿರಲಿ.